ಎರಡನೆಯ ಗುಂಡಿ

"ಹಿಂದಕ್ಕ ತಿರುಗಸ್ರೀ! ಹಿಂದಕ್ಕ!"

ಮೇಲ್ವಿಚಾರಕಿ ಕಾಂತಾ ಕೂಗುತ್ತಲೇ ಇದ್ದಳು. ಫಿಟ್ಟರ್ ಈರಣ್ಣ ಮತ್ತು ಇನ್ನಿಬ್ಬರು ತಗಡು ಒತ್ತುವ ಪ್ರೆಸ್ಸಿನ ದೊಡ್ಡ ಗಾಲಿಗೆ ಕಬ್ಬಿಣದ ಸರಳು ಸಿಕ್ಕಿಸಿ ಜೋತುಬಿದ್ದಿದ್ದರು. ಗಾಲಿ ಅಲುಗಲಿಲ್ಲ. ನೀಲಾಳ ಎಡಗೈ ಮಣಿಕಟ್ಟಿನವರೆಗೆ ಕಾಣುತ್ತಿತ್ತು, ಅದರಾಚೆ ಬರೀ ಕಬ್ಬಿಣ.

ಮೊದಲ ಗಳಿಗೆಯಲ್ಲಿ ನೀಲಾ ಚೀರಿರಲಿಲ್ಲ. ಕೈಯಲ್ಲಿದ್ದ ವಸ್ತುವನ್ನು ಎಲ್ಲೋ ಇಟ್ಟು ಮರೆತವಳ ಹಾಗೆ ಯಂತ್ರದೊಳಗೆ ಇಣುಕಿದ್ದಳು. ಆಮೇಲೆ ಬಂದ ಕೂಗಿಗೆ ಶೆಡ್ಡಿನ ಅಷ್ಟೂ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಕಾಂತಾ ಹಿಂದಿನಿಂದ ಅವಳ ಸೊಂಟವನ್ನು ಬಿಗಿಯಾಗಿ ತಬ್ಬಿ ಹಿಡಿದಳು. ಹುಡುಗಿ ಕೈ ಎಳೆದುಕೊಂಡರೆ ಉಳಿದದ್ದೂ ಕಿತ್ತು ಬರುತ್ತಿತ್ತು. ನೀಲಾ ನೋವಿಗೆ ತಲೆಯನ್ನು ಹಿಂದಕ್ಕೆ ಬೀಸಿದಾಗ ಅದು ಕಾಂತಾಳ ಬಾಯಿಗೆ ಬಡಿದು ತುಟಿ ಒಡೆಯಿತು.

"ಅಕ್ಕಾರ, ಬಿಡಸ್ರೀ... ಅಕ್ಕಾರ, ನನ್ನ ಕೈ ಬಿಡಸ್ರೀ..."

ಗಾಲಿ ಒಮ್ಮೆಲೇ ತಿರುಗಿತು. ಮೇಲಿನ ಅಚ್ಚು ಎದ್ದಿತು. ಹೆಬ್ಬೆರಳೊಂದೇ ಕೈಗೆ ಅಂಟಿಕೊಂಡಿತ್ತು. ಉಳಿದ ನಾಲ್ಕು ಬೆರಳು ಕೆಳಗಿನ ಅಚ್ಚಿನ ಮೇಲೆ, ಅರ್ಧ ಬಾಗಿದ ತಗಡಿನ ಜೊತೆ, ತಗಡಿನಷ್ಟೇ ತೆಳ್ಳಗೆ ಇದ್ದವು. ಯಾರೋ ಓಡಿ ಹೋಗಿ ಶೆಡ್ಡಿನ ಮೂಲೆಯಲ್ಲಿ ವಾಂತಿ ಮಾಡಿಕೊಂಡರು. ಕಾಂತಾ ತನ್ನ ಸೆರಗನ್ನು ಹರಿದು ಸುತ್ತಿದಳು. ಸುತ್ತುವಾಗ ಅವಳ ಕಣ್ಣು ನೀಲಾಳ ಕೈಯ ಮೇಲಿರಲಿಲ್ಲ. ಯಂತ್ರದ ಎಡಬದಿಯ ಗುಂಡಿಯ ಮೇಲಿತ್ತು.

ಪ್ರತಿ ಪ್ರೆಸ್ಸಿಗೂ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಎರಡೂ ಕೈ ಗುಂಡಿಯ ಮೇಲಿರುವಾಗ ಯಾವ ಕೈಯೂ ಅಚ್ಚಿನೊಳಗೆ ಇರಲಾರದು. ಆದರೆ ಆಟೋ ನಗರದ ಈ ಶೆಡ್ಡಿನಲ್ಲಿ ಎಡಗಡೆಯ ಗುಂಡಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಒತ್ತಿ ಕಟ್ಟಿಬಿಡುತ್ತಿದ್ದರು. ಆಗ ಬಲಗೈಯೊಂದೇ ಯಂತ್ರ ನಡೆಸುತ್ತದೆ, ಎಡಗೈ ತಗಡು ಇಡುತ್ತದೆ, ತೆಗೆಯುತ್ತದೆ. ಒಂದು ಪಾಳಿಯಲ್ಲಿ ಒಂದೂವರೆ ಪಾಳಿಯ ಮಾಲು ಬೀಳುತ್ತದೆ.

ಆ ದಿನ ಪುಣೆಯಿಂದ ಗಿರಾಕಿ ಕಂಪನಿಯವರು ತಪಾಸಣೆಗೆ ಬಂದಿದ್ದರು. ಬೆಳಿಗ್ಗೆಯೇ ಹೆಂಗಸರೆಲ್ಲ ಟ್ಯೂಬು ಬಿಚ್ಚಿ ಕಾಂತಾಳ ಊಟದ ಡಬ್ಬಿಯೊಳಗೆ ಹಾಕಿದ್ದರು. "ಬೀಗರು ಬಂದಾರಂತ, ಇವತ್ತ ಮಷೀನೂ ಮಾನ ಮುಚ್ಕೊಂಡ ಕುಂತಾವ ನೋಡ್ರಿ," ಎಂದು ಪಕ್ಕದ ಪ್ರೆಸ್ಸಿನ ಚಂದ್ರವ್ವ ನಗಿಸಿದ್ದಳು. ಬಾಗಿಲ ಹತ್ತಿರ 'ನಮ್ಮ ಮೌಲ್ಯಗಳು' ಎಂಬ ಫಲಕ. ಮಾಲೀಕ ಅನಿಕೇತ ಅದರ ಮುಂದೆ ಅತಿಥಿಗಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡ. ಮೂರು ತಾಸು ಎಲ್ಲರೂ ಎರಡೂ ಕೈಯಿಂದ ದುಡಿದರು. ಆಮೇಲೆ ಅತಿಥಿಗಳು ಕ್ಯಾಬಿನ್ನಿಗೆ ಹೋದರು, ಚಹಾ ಒಯ್ಯಲು ನೀಲಾಳನ್ನು ಕರೆದರು. ಕ್ಯಾಬಿನ್ನಿನ ಗಾಜಿನಾಚೆಯಿಂದ ಅನಿಕೇತ ಕಾಂತಾಳ ಕಡೆ ನೋಡಿ, ಒಂದು ಕೈಯ ಮಣಿಕಟ್ಟಿನ ಸುತ್ತ ಇನ್ನೊಂದು ಕೈಯ ಬೆರಳನ್ನು ತಿರುವಿ ತೋರಿಸಿದ.

ಹತ್ತು ವರ್ಷದಲ್ಲಿ ಅವನಾಗಲಿ ಅವನ ಅಪ್ಪನಾಗಲಿ 'ಕಟ್ಟು' ಎಂಬ ಮಾತನ್ನು ಒಮ್ಮೆಯೂ ಬಾಯಿಂದ ಆಡಿರಲಿಲ್ಲ. ಬೆರಳು ತಿರುವಿದರೆ ಸಾಕಿತ್ತು.

ಕಾಂತಾ ಡಬ್ಬಿ ತೆರೆದು ಎಲ್ಲರಿಗೂ ಟ್ಯೂಬು ಹಂಚಿದಳು. ನೀಲಾ ಇರಲಿಲ್ಲ, ಅವಳ ಗುಂಡಿಗೆ ತಾನೇ ಕಟ್ಟಿದಳು. ವಡಗಾವಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು ಕಾಂತಾ. ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತ ಬೆಳೆದ ಬೆರಳುಗಳಿಗೆ ಅದೊಂದು ಕೆಲಸವೇ ಅಲ್ಲ. ಕಟ್ಟಿದ ನೆನಪೂ ಉಳಿಯದಷ್ಟು ಸಲೀಸಾಗಿ ಕಟ್ಟಿ, ಮುಂದಿನ ಸಾಲಿಗೆ ಹೋದಳು. ನೀಲಾ ಬಂದಳು, ಖಾಲಿ ತಟ್ಟೆಯನ್ನು ಕೆಳಗಿಟ್ಟು ಕುಳಿತಳು. ಬೆಳಗಿನಿಂದ ಗುಂಡಿ ಬಿಚ್ಚಿಯೇ ಇತ್ತು, ಈಗಲೂ ಬಿಚ್ಚಿದೆ ಎಂದುಕೊಂಡಳು. ವಾರೆಯಾಗಿದ್ದ ತಗಡನ್ನು ಸರಿಪಡಿಸಲು ಎಡಗೈ ಒಳಗಿಟ್ಟಳು. ಬಲಗೈ ರೂಢಿಯಂತೆ ಗುಂಡಿಯನ್ನು ಒತ್ತಿತು.

*

ನಾಲ್ಕು ದಿನದ ನಂತರ ಅನಿಕೇತ ಕಾಂತಾಳನ್ನು ಕ್ಯಾಬಿನ್ನಿಗೆ ಕರೆದ.

"ಕುಂದರ್ರಿ ಕಾಂತಕ್ಕ. ತುಟಿ ಹೆಂಗದ?"

"ಅದೇನ ಆಗತೈತ್ರಿ. ಆ ಹುಡುಗೀದ..."

"ಅದಕ್ಕ ಕರದೀನಿ." ಅವನು ಒಂದು ಹಾಳೆಯನ್ನು ಮುಂದೆ ಸರಿಸಿದ. 'ಮೇಲ್ವಿಚಾರಕರ ಎಚ್ಚರಿಕೆಯನ್ನು ಲೆಕ್ಕಿಸದೆ, ಸುರಕ್ಷತಾ ಗುಂಡಿಗೆ ನಾನೇ ಸ್ವಂತ ಇಚ್ಛೆಯಿಂದ ಟ್ಯೂಬು ಕಟ್ಟಿದ್ದು...' ಕೆಳಗೆ ಇಬ್ಬರ ಸಹಿಗೆ ಜಾಗ. ನೀಲಾಳದು ಒಂದು, ಸಾಕ್ಷಿಯಾಗಿ ಕಾಂತಾಳದು ಒಂದು.

"ಇದಕ್ಕ ಸಹಿ ಮಾಡಿದ್ರ ಆಕೀಗೆ ಪರಿಹಾರ ಏನೂ ಸಿಗೂದಿಲ್ಲಲ್ರಿ ಸಾಹೇಬ್ರ."

"ನಾ ಮನುಷ್ಯತ್ವದ ಮ್ಯಾಲ ನೋಡ್ಕೋತೀನಿ. ಆಕಿ ಅಣ್ಣಗ ಇಲ್ಲೇ ಕೆಲಸ ಕೊಡೂಣು."

"ಆಕಿ ಕಟ್ಟಿಲ್ರೀ."

ಅನಿಕೇತ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮೇಜಿನ ಖಾನೆ ಎಳೆದು, ಕೊಯ್ದು ತೆಗೆದ ಟ್ಯೂಬಿನ ತುಂಡನ್ನು ಹೊರಗಿಟ್ಟ. ಅದರ ಮೇಲೆ ನೀಲಾಳ ರಕ್ತ ಒಣಗಿ ಕಂದಾಗಿತ್ತು. ಗಂಟು ಹಾಗೇ ಇತ್ತು.

"ಈರಣ್ಣಗ ಈ ಗಂಟ ಬಿಚ್ಚಾಕ ಬರಲಿಲ್ಲ ನೋಡ್ರಿ. ಚಾಕೂಲೇ ಕೊಯ್ದ. ಇಂಥಾ ಗಂಟ ನಮ್ಮಲ್ಲಿ ಎಷ್ಟ ಮಂದಿಗೆ ಬರತದ? ನಾ ಯಾರನ್ನೂ ಕೇಳೂದಿಲ್ಲ, ಕಾಂತಕ್ಕ. ನೀವೂ ನನಗ ಹೇಳಬ್ಯಾಡ್ರಿ. ಕಟ್ಟಂತ ನಾ ಯಾವತ್ತರ ಹೇಳೀನೇನು?"

ಅವಳ ಬೆರಳುಗಳು ಮಡಿಲಲ್ಲಿ ಮುದುಡಿದವು. ಆ ಮೇಜಿನ ಮೇಲಿನ ಗಾಜಿನ ಗುಂಡನ್ನು ಎತ್ತಿ ಅವನ ಬೆರಳುಗಳನ್ನು ಒಂದೊಂದಾಗಿ ಜಜ್ಜಬೇಕು ಎನಿಸಿತು. ಎಷ್ಟು ಸ್ಪಷ್ಟವಾಗಿ ಎನಿಸಿತೆಂದರೆ ಎಲುಬು ಮುರಿಯುವ ಸದ್ದೂ ಕೇಳಿತು. ಅವಳು ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

"ಕಾರ ಕಳಸ್ಲೇನ್ರಿ ಖಾನಾಪುರಕ್ಕ, ಆಕಿ ಮನೀಗೆ?"

"ಬ್ಯಾಡ್ರಿ. ಬಸ್ಸಿಗೆ ಹೊಕ್ಕೇನಿ."

*

ನೀಲಾಳ ಮನೆ ಖಾನಾಪುರದ ಆಚೆ, ಹೆಂಚಿನ ಭಟ್ಟಿಗಳ ಹಿಂದೆ ಇತ್ತು. ಅಂಗಳದಲ್ಲಿ ಕುರಿಗಳ ಹಟ್ಟಿ. ತಾಯಿ ಪದ್ಮವ್ವ ಬಾಗಿಲಲ್ಲೇ ಕಾಂತಾಳ ಎರಡೂ ಕೈ ಹಿಡಿದು ಅತ್ತಳು.

"ಬಾಯಾರ, ನೀವ ಇದ್ದದ್ದಕ್ಕ ನನ್ನ ಮಗಳು ಜೀವಂತ ಅದಾಳ. ನಿಮ್ಮ ಸೀರಿ ಹರದ ಕಟ್ಟೀರಂತ. ಒಳಗ ಬರ್ರಿ."

ಕಾಂತಾ ಕೈ ಬಿಡಿಸಿಕೊಂಡಳು. ಒಳಗೆ ನೀಲಾ ಗೋಡೆಗೆ ಒರಗಿ ಕುಳಿತಿದ್ದಳು. ಎಡಗೈ ಬಿಳಿಯ ಉಂಡೆಯಾಗಿತ್ತು. ಅಣ್ಣ ಲಕ್ಷ್ಮಣ ಭಟ್ಟಿಯಿಂದ ಆಗಷ್ಟೇ ಬಂದಿದ್ದ, ಮೈತುಂಬ ಕೆಂಪು ಧೂಳು. ಅವನು ಕಾಂತಾ ಕೊಟ್ಟ ಹಾಳೆಯನ್ನು ತಿರುಗಿಸಿ ನೋಡಿ, "ಏನ ಬರದೈತ್ರಿ ಇದ್ರಾಗ?" ಎಂದ. ಕಾಂತಾ ಓದಿ ಹೇಳಿದಳು. ತನ್ನ ದನಿ ಕ್ಯಾಬಿನ್ನಿನಲ್ಲಿ ಕೇಳಿದ ಅನಿಕೇತನ ದನಿಯ ಹಾಗೆಯೇ ಮೆತ್ತಗೆ ಇದ್ದದ್ದು ಅವಳಿಗೇ ತಿಳಿಯಿತು.

"ಅಂದ್ರ ತಪ್ಪು ಇಕೀದೇನ?" ಲಕ್ಷ್ಮಣ ತಂಗಿಯ ಕಡೆ ತಿರುಗಿದ. "ಹೌದೇನ? ನೀನ ಕಟ್ಟಿದ್ದೇನ?"

"ನೆನಪ ಬರವಲ್ದು," ನೀಲಾ ಅಂದಳು.

"ನೆನಪ ಬರವಲ್ದು! ಕೈ ಕಳಕೊಂಡ ಕುಂತೀದಿ, ನೆನಪ ಬರವಲ್ದು ಅಂತಾಳ!" ಅವನು ಅವಳ ಕೆನ್ನೆಗೆ ಹೊಡೆದ. "ಮಾರ್ಗಶಿರಕ್ಕ ಲಗ್ನ ಇತ್ತ. ಅವರು ಬ್ಯಾಡಂತ ಹೇಳಿ ಕಳಿಸ್ಯಾರ. ಗೊತ್ತೈತಿಲ್ಲೋ ನಿನಗ?"

ನೀಲಾ ಅಳಲಿಲ್ಲ. ಬಲಗೈಯಿಂದ ಕೆನ್ನೆ ಮುಟ್ಟಿಕೊಂಡು ಕಾಂತಾಳನ್ನು ನೋಡಿದಳು. "ದಿನಾ ಕಟ್ಟತಿದ್ನೆಲ್ರಿ ಅಕ್ಕಾರ. ಅವತ್ತೂ ನಾನ ಕಟ್ಟಿರಬೇಕ. ಚಾ ಕೊಟ್ಟ ಬಂದೆ, ಕುಂತೆ... ನಡಕ ಏನಾತಂತ ಎಷ್ಟ ನೆನಸಿದ್ರೂ ಬರೂದಿಲ್ಲ. ರಾತ್ರಿ ಎಲ್ಲಾ ಅದನ್ನ ನೆನಸತೇನಿ. ನಾನ ಕಟ್ಟಿರಬೇಕ ತಗೋರಿ. ಪೆನ್ನ ಕೊಡ್ರಿ."

ಅವಳು ಕೈ ಚಾಚಿದಳು. ಕಾಂತಾ ಪೆನ್ನನ್ನು ಚೀಲದಿಂದ ತೆಗೆದಳು, ಕೊಡಲೂಬಹುದಿತ್ತು. ಸಂಜೆಯ ಬಸ್ಸಿಗೆ ಖಾಸಬಾಗಿನ ತನ್ನ ಮನೆ ಸೇರಿ, ಮಗಳ ಜೊತೆ ಊಟ ಮಾಡಿ, ಮರುದಿನ ಶೆಡ್ಡಿನ ಬೀಗ ತೆಗೆಸಬಹುದಿತ್ತು. ಈ ಹುಡುಗಿ ಮಾತ್ರ ಬದುಕಿರುವಷ್ಟು ದಿನ, ಕೂತಲ್ಲಿ ನಿಂತಲ್ಲಿ, ತಾನು ಹಾಕದ ಗಂಟೊಂದನ್ನು ತನ್ನ ಇಲ್ಲದ ಬೆರಳುಗಳಿಂದ ಹಾಕುತ್ತಲೇ ಇರುತ್ತಿದ್ದಳು.

"ನೀ ಕಟ್ಟಿಲ್ಲ ನೀಲಾ," ಅಂದಳು ಕಾಂತಾ. "ನೀ ಚಾ ಕೊಡಾಕ ಹೋದಾಗ ನಾ ಕಟ್ಟಿದೆ. ನಿನಗ ಹೇಳಲಿಲ್ಲ."

ಪದ್ಮವ್ವನ ಬಾಯಿ ತೆರೆದೇ ಇತ್ತು.

ಲಕ್ಷ್ಮಣ ಕಾಂತಾಳ ತುರುಬಿಗೆ ಕೈ ಹಾಕಿ ಎಳೆದು ಗೋಡೆಗೆ ಬಡಿದ. ಕಣ್ಣಮುಂದೆ ಬಿಳಿಯ ಬೆಳಕೊಂದು ಒಡೆಯಿತು. ಮಾಯುತ್ತಿದ್ದ ತುಟಿ ಮತ್ತೆ ಸೀಳಿತು. "ರಂಡೇ, ಅದನ್ನ ಹೊಟ್ಯಾಗ ಇಟ್ಟಕೊಂಡ ಸಹಿ ತಗೊಳಾಕ ಬಂದೇನ? ನಮ್ಮ ಮನಿಗೆ? ನಮ್ಮ ಮನಿಗೆ ಬಂದೇನ?" ಪ್ರತಿ ಮಾತಿಗೂ ಒಂದೊಂದು ಒದೆತ ಬಿತ್ತು, ಪಕ್ಕೆಗೆ, ತೊಡೆಗೆ. ಈಗಷ್ಟೇ ಕೈ ಹಿಡಿದು ಅತ್ತಿದ್ದ ಪದ್ಮವ್ವ ಕುರಿ ಕಾಯುವ ಕೋಲು ತಂದು ಬೆನ್ನಿಗೆ ಬೀಸಿದಳು. ಹೊಡೆಯುತ್ತಲೇ "ಅಗಾಯೀ, ಅಗಾಯೀ" ಎಂದು ಅಳುತ್ತಿದ್ದಳು. ಕಾಂತಾ ತಲೆಗೆ ಕೈ ಅಡ್ಡ ಹಿಡಿದು ಮುದುಡಿದಳು. ಲಕ್ಷ್ಮಣ ಅವಳ ಬಲಗೈಯನ್ನು ಎಳೆದು ಹೊಸ್ತಿಲ ಕಲ್ಲಿನ ಮೇಲೆ ಚಾಚಿ ಮೊಣಕಾಲೂರಿದ, ಅಂಗಳದಲ್ಲಿದ್ದ ಹೆಂಚೊಂದನ್ನು ಎತ್ತಿದ.

"ಅಣ್ಣಾ."

ನೀಲಾ ಎದ್ದು ನಿಂತಿದ್ದಳು.

"ಕೈ ಬಿಡು."

"ನೀ ಸುಮ್ಮ ಕುಂದ್ರು!"

"ಆಕಿ ಕೈ ಮುರೀಬ್ಯಾಡ. ಆಕಿ ಬರೀಬೇಕೈತಿ."

ಇಷ್ಟು ದಿನ ಅವಳು ಕಾಂತಾಳನ್ನು 'ಅಕ್ಕಾರ' ಎಂದೇ ಕರೆದಿದ್ದಳು, 'ಆಕಿ' ಎಂದದ್ದು ಇದೇ ಮೊದಲು. ಲಕ್ಷ್ಮಣನ ಎದೆ ಏರಿಳಿಯುತ್ತಿತ್ತು. ಅವನು ಹೆಂಚನ್ನು ಅಂಗಳಕ್ಕೆ ಎಸೆದ, ಅದು ಹಟ್ಟಿಯ ಕಂಬಕ್ಕೆ ಬಡಿದು ಚೂರಾಯಿತು, ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. ಅವನು ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಕಾಂತಾ ಗೋಡೆ ಹಿಡಿದು ಎದ್ದು ಕುಳಿತಳು. ಉಸಿರು ಎಳೆದಾಗ ಪಕ್ಕೆಯೊಳಗೆ ಏನೋ ಕೊಯ್ದಂತಾಯಿತು. ಚೀಲದಲ್ಲಿದ್ದ ಫೋನು ರಿಂಗಾಗತೊಡಗಿತು, ಅನಿಕೇತನೇ ಇರಬೇಕು. ತಾನಾಗಿಯೇ ನಿಂತು, ಮತ್ತೆ ರಿಂಗಾಯಿತು. ಅವಳು ಹಾಳೆಯನ್ನು ಮಗುಚಿ, ಬರೆಯದ ಬದಿಯನ್ನು ನೆಲದ ಮೇಲೆ ಹರವಿದಳು.

'ಎಡಗಡೆಯ ಗುಂಡಿಗೆ ಟ್ಯೂಬು ಕಟ್ಟಿದವಳು ನಾನು,' ಎಂದು ಬರೆದಳು. 'ನೀಲಾಳಿಗೆ ಇದು ಗೊತ್ತಿರಲಿಲ್ಲ. ನಮ್ಮಲ್ಲಿ ಎಲ್ಲ ಯಂತ್ರಗಳಿಗೂ ದಿನವೂ ಕಟ್ಟುತ್ತೇವೆ. ಅಂದು ಕಟ್ಟಲು ಮಾಲೀಕರು...' ಪೆನ್ನು ನಿಂತಿತು. ಇದನ್ನು ಬರೆದ ಮೇಲೆ ಅನಿಕೇತನ ಜೊತೆ ತಾನೂ ಪೊಲೀಸರ ಮುಂದೆ ನಿಲ್ಲಬೇಕು, ಬಹುಶಃ ಅವನಿಗಿಂತ ಮೊದಲೇ.

"ಏನಂತ ಹೇಳಿದ್ರು ಅವರು? ಅದನ್ನ ಬರೀರಿ," ನೀಲಾ ಅಂದಳು.

"ಬಾಯಿಲೆ ಹೇಳಲಿಲ್ಲವ್ವಾ. ಬೆರಳ ತಿರವಿ ತೋರಿಸಿದ್ರು."

"ಹಂಗಾದ್ರ ಹಂಗ ಬರೀರಿ."

ತುಟಿಯಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಕಾಂತಾ ಅದನ್ನು ಒರೆಸದೆ ಪಕ್ಕದಿಂದ ಸಾಲು ಮುಂದುವರಿಸಿದಳು. ಬಾಗಿಲಿನಿಂದ ಭಟ್ಟಿಯ ಬಿಸಿಗಾಳಿ ಬೀಸಿ ಕಾಗದದ ಅಂಚು ಎದ್ದೆದ್ದು ಬಡಿಯಿತು. ನೀಲಾ ಮೆಲ್ಲಗೆ ಎದುರಿಗೆ ಬಂದು ಕುಳಿತಳು. ಬಟ್ಟೆ ಸುತ್ತಿದ ಎಡಗೈಯನ್ನು ಬಲಗೈಯಿಂದ ಎತ್ತಿ ತಂದು, ಕಾಗದ ಹಾರದಂತೆ ಅದರ ತುದಿಯ ಮೇಲಿಟ್ಟಳು.