ಯೂಕಿರಿ ಠಾಣೆಯಲ್ಲಿ ತಾಯಂದಿರ ದಿನ

ನನ್ನ ಕೆಲಸಕ್ಕೆ ಕಾಗದದ ಮೇಲೆ ‘ಮನರಂಜನೆ ಮತ್ತು ಯೋಗಕ್ಷೇಮ’ ಅಂತ ಹೆಸರಿತ್ತು. ಹುಡುಗರು ನನ್ನ ಕೋಣೆಯನ್ನು ‘ಆಟದ ಸಾಮಾನಿನ ಅಂಗಡಿ’ ಅನ್ನುತ್ತಿದ್ದರು. ಚೆಂಡಿಗೆ ಗಾಳಿ ತುಂಬಿಸುವುದು, ಶನಿವಾರ ಊಟದ ಕೊಟ್ಟಿಗೆಯ ಗೋಡೆಗೆ ಬಿಳೀ ಬಟ್ಟೆ ಕಟ್ಟಿ ಸಿನಿಮಾ ಹಾಕುವುದು, ಬರೆಯಲು ಬಾರದವರ ಪರವಾಗಿ ಮನೆಗೆ ಕಾಗದ ಬರೆಯುವುದು, ಹುಟ್ಟುಹಬ್ಬದವನಿಗೆ ಎರಡು ತುಂಡು ಹೆಚ್ಚಿಗೆ ಮಾಂಸ ಹಾಕಿಸುವುದು. ಗಡಿಯ ಚಾಕೋ ಬಯಲಿನ ಮುಳ್ಳುಕಾಡಿನ ನಡುವೆ, ಹತ್ತಿರದ ಊರಿಗೆ ಒಂದು ದಿನದ ದಾರಿ ಇದ್ದ ಆ ಯೂಕಿರಿ ಠಾಣೆಯಲ್ಲಿ ಕಡ್ಡಾಯ ಸೇವೆಗೆ ಬಂದ ನೂರಿಪ್ಪತ್ತು ಹುಡುಗರಿದ್ದರು. ಅವರಿಗೆ ಹುಚ್ಚು ಹಿಡಿಯದಂತೆ ನೋಡಿಕೊಳ್ಳುವುದು ಸಾರ್ಜೆಂಟ್ ರೊತೇಲಾನ, ಅಂದರೆ ನನ್ನ ಹೊಣೆ. ನಾನು ಕೆಲಸದಲ್ಲಿ ಗಟ್ಟಿಗನಾಗಿದ್ದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಕೆಲಸ ಬಾರದವನಿಂದ ಆದದ್ದಲ್ಲ.

ಆ ವರ್ಷ ತಾಯಂದಿರ ದಿನಕ್ಕೆ ಹುಡುಗರ ತಾಯಂದಿರನ್ನೇ ಠಾಣೆಗೆ ಕರೆಸೋಣ ಅಂದವನು ನಾನೇ. ಮೇಜರ್ ಓವೆಲಾರ್‌ಗೆ ಮಾತು ಹಿಡಿಸಿತು. ರಾಜಧಾನಿಗೆ ಬರೆದರು. ಜನರಲ್ ಒಬ್ಬರ ಹೆಂಡತಿ ತಾವೇ ಬರುತ್ತೇನೆ ಅಂದರು. ಜೊತೆಗೆ ಪತ್ರಿಕೆಯ ಫೋಟೋದವನೂ ಬರುವುದು ಖಾತ್ರಿಯಾಯಿತು. ಅಲ್ಲಿಂದಾಚೆ ಮೇಜರ್‌ಗೆ ನಿದ್ದೆ ಇಲ್ಲ, ನನಗೂ ಇಲ್ಲ.

ಹುಡುಗರಿಂದ ತಾಯಿಯ ಮೇಲೊಂದು ಹಾಡು ಹಾಡಿಸಬೇಕೆಂದು ಮೂವತ್ತು ಜನರನ್ನು ಆರಿಸಿ ಅಭ್ಯಾಸ ಮಾಡಿಸುತ್ತಿದ್ದೆ. ಆ ಗುಂಪಿನಲ್ಲಿ ಹೆರ್ವಾಸಿಯೊ ಅಂತ ಒಬ್ಬನಿದ್ದ. ಕಾಗ್ವಾಸು ಕಡೆಯವನು, ಕಡ್ಡಿಯಂಥ ಮೈ, ಒಳ್ಳೇ ಕಂಠ. ಆದರೆ ಅವನ ಬಾಯಿಗೆ ಬೀಗ ಇರಲಿಲ್ಲ. ಲೆಫ್ಟಿನೆಂಟ್ ಬರೇಯ್ರೊ ನಡೆಯುವ ಹಾಗೆ ನಡೆದು ತೋರಿಸುತ್ತಿದ್ದ, ನಾನು ಮೂಗಿನಲ್ಲಿ ಹಾಡುವುದನ್ನು ನನ್ನ ಬೆನ್ನ ಹಿಂದೆಯೇ ಹಾಡುತ್ತಿದ್ದ. ‘ತಾಯೇ, ನಿನ್ನ ಕಣ್ಣೀರು ಒರೆಸುವೆ’ ಅಂತ ಹಾಡಿನಲ್ಲಿದ್ದರೆ, ಇವನು ಗಂಭೀರವಾಗಿ ಮುಖ ಮಾಡಿಕೊಂಡು ‘ತಾಯೇ, ನಿನ್ನ ಮರಗೆಣಸು ಸುಲಿಯುವೆ’ ಅನ್ನುತ್ತಿದ್ದ. ಇಪ್ಪತ್ತೊಂಬತ್ತು ಜನ ನಗಾಡಿ ಹಾಡು ಹಾಳಾಗುತ್ತಿತ್ತು. ಮೂರು ದಿನ ಸಹಿಸಿದೆ. ಕಾರ್ಯಕ್ರಮಕ್ಕೆ ಒಂದೇ ದಿನ ಉಳಿದಿದ್ದಾಗ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಒಂದು ಚೀಟಿಯಲ್ಲಿ ಅವನ ಹೆಸರು ಬರೆದು, ಕೆಳಗೆ ‘ಸ್ವಲ್ಪ ಶಿಸ್ತು ಕಲಿಸಬೇಕು’ ಅಂತ ಸೇರಿಸಿ ಲೆಫ್ಟಿನೆಂಟರ ಮೇಜಿನ ಮೇಲಿಟ್ಟು ಬಂದೆ.

ಅವತ್ತು ಉತ್ತರದ ಬಿಸಿಗಾಳಿ. ನಮ್ಮಲ್ಲಿ ಮೇ ಅಂದರೆ ಚಳಿ ಶುರುವಾಗುವ ತಿಂಗಳು, ಆದರೂ ಉಸಿರು ಸುಡುತ್ತಿತ್ತು. ಹನ್ನೊಂದೂವರೆಗೆ ಲೆಫ್ಟಿನೆಂಟ್ ಹೆರ್ವಾಸಿಯೊನನ್ನು ಮೈದಾನಕ್ಕೆ ಇಳಿಸಿದರು. ಕುಕ್ಕರುಗಾಲಲ್ಲಿ ಕೂತು, ಬಂದೂಕನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ, ಬಾತುಕೋಳಿಯ ಹಾಗೆ ಮೈದಾನದ ಸುತ್ತ ನಡೆಯಬೇಕು. ನಾನು ಊಟದ ಕೊಟ್ಟಿಗೆಯ ನೆರಳಲ್ಲಿ ಏಣಿ ಹತ್ತಿ ಬಣ್ಣದ ಕಾಗದದ ಮಾಲೆ ಕಟ್ಟುತ್ತಿದ್ದೆ. ಮೊದಲೆರಡು ಸುತ್ತಿನಲ್ಲಿ ಅವನು ಬಾತುಕೋಳಿಯಂತೆ ಕೂಗಿದ್ದೂ ಉಂಟು. ನೋಡುತ್ತಿದ್ದವರು ನಕ್ಕರು. ಐದನೆಯ ಸುತ್ತಿನ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಎಂಟನೆಯದರಲ್ಲಿ ಅವನು ನೀರು ಕೇಳಿದ.

“ಹಾಡೋ ಗಂಟಲು ಕಣಯ್ಯ, ನೀರು ಕುಡಿದ್ರೆ ಶೀತ ಆಗತ್ತೆ,” ಅಂದರು ಲೆಫ್ಟಿನೆಂಟ್.

ನಾನು ಏಣಿಯ ಮೇಲಿಂದ ಇಳಿಯಲಿಲ್ಲ. ಇನ್ನೂ ಎರಡು ಮಾಲೆ ಬಾಕಿ ಇದ್ದವು.

ಹನ್ನೊಂದನೆಯ ಸುತ್ತಿನಲ್ಲಿ ಅವನು ಮುಖ ಅಡಿಯಾಗಿ ಬಿದ್ದ. ಎತ್ತಿ ಒಳಗೆ ತಂದಾಗ ಮೈ ಕಾದ ಕಾವಲಿಯಂತಿತ್ತು, ಬೆವರು ಒಂದು ಹನಿಯೂ ಇರಲಿಲ್ಲ. ನಮ್ಮಲ್ಲಿ ವೈದ್ಯರಿರಲಿಲ್ಲ, ಔಷಧಿಯ ಪೆಟ್ಟಿಗೆ ನೋಡಿಕೊಳ್ಳುವ ಒಬ್ಬ ಕಾರ್ಪೊರಲ್ ಇದ್ದ. ಅವನು ಒದ್ದೆ ಬಟ್ಟೆ ಹಾಕಿದ, ಮಾತ್ರೆ ತಿನ್ನಿಸಲು ನೋಡಿದ. ಸಂಜೆ ನಾಲ್ಕಕ್ಕೆ ಹೆರ್ವಾಸಿಯೊ ತೀರಿಕೊಂಡ.

ಮೇಜರ್ ನನ್ನನ್ನೂ ಲೆಫ್ಟಿನೆಂಟರನ್ನೂ ಕರೆದರು.

“ತಾಯಂದಿರು ಎಲ್ಲಿದಾರೆ ಈಗ?”

“ದೋಣಿ ಇಳಿದು ಲಾರಿ ಹತ್ತಿರ್ತಾರೆ ಸರ್. ಬೆಳಗ್ಗೆ ಎಂಟಕ್ಕೆ ಇಲ್ಲಿರ್ತಾರೆ,” ಅಂದೆ.

“ಇವನ ತಾಯಿ?”

“ಅವರೂ ಇದಾರೆ.”

ಮೇಜರ್ ಕಿಟಕಿಯಾಚೆ ನನ್ನ ಮಾಲೆಗಳನ್ನು ನೋಡಿದರು. “ಜನರಲ್ ಹೆಂಡತಿಯ ವಿಮಾನ ನಾಳೆ ಮೂರೂವರೆಗೆ ಹಿಂದಿರುಗತ್ತೆ. ಅದು ನೆಲ ಬಿಟ್ಟ ಮೇಲೆ ಹೇಳು ಇವನ ತಾಯಿಗೆ. ಅಲ್ಲೀತನಕ ಯೋಗಕ್ಷೇಮ ನಿಂದು, ರೊತೇಲಾ. ಹುಡುಗ್ರಲ್ಲಿ ಒಬ್ಬ ಬಾಯಿ ಬಿಟ್ರೂ ಎಲ್ಲಾರ ರಜೆ ರದ್ದು.”

“ಹೆಣ ಎಲ್ಲಿಡೋಣ ಸರ್?” ಕೇಳಿದರು ಲೆಫ್ಟಿನೆಂಟ್. “ಈ ಸೆಕೆಗೆ…”

ಠಾಣೆಯಲ್ಲಿ ತಣ್ಣಗಿದ್ದ ಜಾಗ ಒಂದೇ. ಅಡುಗೆಮನೆಯ ಹಿಂದಿನ ಶೀತದ ಕೋಣೆ. ಮರುದಿನದ ಸುಟ್ಟಮಾಂಸದ ಊಟಕ್ಕೆ ಎರಡು ಹೋರಿ ಕಡಿದು ಅಲ್ಲೇ ತೂಗುಹಾಕಿದ್ದರು.

ಬೆಳಗ್ಗೆ ಲಾರಿಗಳು ಬಂದವು. ಧೂಳು ಹೊದ್ದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಹೆರ್ವಾಸಿಯೊನ ತಾಯಿ ದೆಯೋಲಿಂದಾಳನ್ನು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಮಗ ಕಡ್ಡಿಯಾದರೆ ತಾಯಿ ಕಣಜ, ಆದರೆ ಬಾಯಿ ಮಾತ್ರ ಅದೇ. ಲಾರಿಯ ಚಾಲಕ ತೂಕಡಿಸುತ್ತ ಓಡಿಸಿದ್ದನ್ನು ಮಾಡಿ ತೋರಿಸುತ್ತ, ಉಳಿದವರನ್ನೆಲ್ಲ ನಗಿಸುತ್ತ ಇಳಿದಳು. ಒಂದು ಕಂಕುಳಲ್ಲಿ ಕಾಲು ಕಟ್ಟಿದ ಜೀವಂತ ಕೋಳಿ, ಇನ್ನೊಂದು ಕೈಯಲ್ಲಿ ಚಿಪಾ ರೊಟ್ಟಿಯ ಬುಟ್ಟಿ.

“ಸಾರ್ಜೆಂಟಪ್ಪಾ, ನನ್ನ ಕೋಡಂಗಿ ಎಲ್ಲಿ? ಹೆರ್ವಾಸಿಯೊ?”

“ಗಸ್ತಿಗೆ ಹೋಗಿದಾನಮ್ಮ. ಗಡಿ ಕಡೆ. ಸಂಜೆ ಬರ್ತಾನೆ.”

“ಅವನಾ? ಗಸ್ತಿಗಾ?” ಕೋಳಿ ಅಲುಗಾಡುವಷ್ಟು ನಕ್ಕಳು. “ಅವನಿಗೆ ಬಂದೂಕ್ಯಾಕೆ ಕೊಟ್ರಿ, ಶತ್ರುಗಳ್ನ ನಗಿಸಿ ನಗಿಸೇ ಸಾಯಿಸ್ತಾನೆ. ನಿಮ್ಗೆ ತುಂಬ ಕಾಟ ಕೊಡ್ತಾನಾ? ನಿಜ ಹೇಳಿ. ಕೊಟ್ರೆ ಕಿವಿ ಹಿಂಡಿ, ನಂದೇನೂ ಅಡ್ಡಿಯಿಲ್ಲ.”

“ಒಳ್ಳೇ ಹುಡುಗ,” ಅಂದೆ.

ಆ ನಗುವೇ ಅವಳಿಗೆ ಮುಳುವಾಯಿತು. ಮೇಜರ್ ಅವಳನ್ನು ದೂರದಿಂದ ನೋಡಿದರು. ಯಾರೆಂದು ಅವರಿಗೂ ಗೊತ್ತಿತ್ತು. ನನ್ನನ್ನು ಕರೆದು, “ಆಕೇನ ಜನರಲ್ ಹೆಂಡತಿ ಪಕ್ಕ ಕೂರಿಸು. ಫೋಟೋದಲ್ಲಿ ಚೆನ್ನಾಗಿ ಬರ್ತಾಳೆ. ಕಣ್ಣೆದುರಿಗೂ ಇರ್ತಾಳೆ,” ಅಂದರು. ಕೂರಿಸಿದೆ.

ಹಾಡು ಶುರುವಾಯಿತು. ಇಪ್ಪತ್ತೊಂಬತ್ತು ಜನ. ಕಣ್ಣೀರು ಒರೆಸುವ ಸಾಲು ಬಂದಾಗ ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬನ ದನಿ ಒಡೆಯಿತು, ಆಮೇಲೆ ಪಕ್ಕದವನದು. ಹಾಡು ಮುಗಿಯುವ ಹೊತ್ತಿಗೆ ಅರ್ಧ ಜನ ಬಿಕ್ಕುತ್ತಿದ್ದರು. ಜನರಲ್ ಹೆಂಡತಿ ಕರವಸ್ತ್ರ ತೆಗೆದು, “ಎಂಥಾ ಮಾತೃಭಕ್ತಿ!” ಅಂದರು. ದೆಯೋಲಿಂದಾಳೂ ಅತ್ತಳು. “ನನ್ನವನು ಇದ್ದಿದ್ರೆ ಈ ಅಳುಬುರುಕ್ರನ್ನೆಲ್ಲ ನಗಿಸ್ತಿದ್ದ,” ಅಂತ ಆ ಹೆಂಗಸಿಗೆ ಹೇಳಿದಳು.

ಆಮೇಲೆ ತಾಯಂದಿರ ಬಾಟಲಿ ಕುಣಿತ. ತಲೆಯ ಮೇಲೆ ಬಾಟಲಿ ಹೊತ್ತು, ಕೈ ಬಿಟ್ಟು, ಹಾರ್ಪಿನ ತಾಳಕ್ಕೆ ಸುತ್ತಬೇಕು. ಬೀಳಿಸಿದವರು ಹೊರಗೆ. ಒಬ್ಬೊಬ್ಬರಾಗಿ ಬೀಳಿಸಿಕೊಂಡು ಹೊರಗೆ ಬಂದರು. ಅಷ್ಟು ದಪ್ಪದ ದೆಯೋಲಿಂದಾ ಮಾತ್ರ ನೀರಿನ ಮೇಲಿನ ದೋಣಿಯ ಹಾಗೆ ತೇಲುತ್ತ ಉಳಿದಳು. ಹುಡುಗರು ಚಪ್ಪಾಳೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ನಾನು ಹಿಂದಿನಿಂದ, “ಹೊಡೀರೋ ಚಪ್ಪಾಳೆ!” ಅಂತ ಗದರಿದೆ. ಆಗ ಹೊಡೆದರು. ಜನರಲ್ ಹೆಂಡತಿಯ ಕೈಯಿಂದ ಅವಳಿಗೆ ಉಣ್ಣೆಯ ಕಂಬಳಿ ಬಹುಮಾನ ಬಂತು.

ಊಟಕ್ಕೆ ಕೂತಾಗ ಪಕ್ಕೆಲುಬಿನ ಒಳ್ಳೇ ತುಂಡು ಅವಳ ತಟ್ಟೆಗೆ ಬಿತ್ತು. ಎರಡನೆಯ ಸಲವೂ ಹಾಕಿಸಿಕೊಂಡಳು. ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. “ಗಸ್ತಿಯಿಂದ ಹಸ್ಕೊಂಡು ಬರ್ತಾನೆ,” ಅಂದಳು. ನಾನು ಅವಳ ಲೋಟಕ್ಕೆ ಹಣ್ಣಿನ ರಸ ಬಗ್ಗಿಸಿದೆ.

ಮೂರೂವರೆಗೆ ವಿಮಾನ ಹಾರಿತು. ಮೇಜರ್ ಗಡಿಯಾರ ನೋಡಿ, ನನ್ನ ಕಡೆ ತಲೆಯಾಡಿಸಿ, ಮಲಗಲು ಹೋದರು.

ಅವಳನ್ನು ನನ್ನ ಕೋಣೆಗೆ ಕರೆದು, ಚೆಂಡು, ಬಲೆಗಳ ನಡುವೆ ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿದೆ. ಮಗ ತೀರಿಕೊಂಡ, ಕವಾಯತಿನ ವೇಳೆ ಹೃದಯ ನಿಂತಿತು ಅಂದೆ. ಅವಳು ನಗುವ ಮುಖದಲ್ಲೇ ನನ್ನನ್ನು ನೋಡುತ್ತಿದ್ದಳು. ಇದೂ ಒಂದು ತಮಾಷೆ, ಕೊನೆಯಲ್ಲಿ ಮಗ ಬಾಗಿಲ ಹಿಂದಿನಿಂದ ಜಿಗಿಯುತ್ತಾನೆ ಅಂದುಕೊಂಡಿರಬೇಕು. ನಾನು ಎರಡನೆಯ ಸಲ ಹೇಳಿದೆ.

“ಯಾವಾಗ?”

“ನಿನ್ನೆ ಸಂಜೆ.”

“ನಿನ್ನೆ.” ಮಡಿಲಲ್ಲಿದ್ದ ಕಂಬಳಿಯನ್ನು ನೋಡಿದಳು. “ನಾನು ಕುಣೀತಿದ್ದಾಗ ಅವನು ಎಲ್ಲಿದ್ದ?”

ಬಾಗಿಲಲ್ಲಿ ಅಡುಗೆಯ ಮುದುಕ ಬಂದು ನಿಂತಿದ್ದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಶೀತದ ಕೋಣೇಲಿ ಇಟ್ಟಿದೀವಮ್ಮ, ಮಾಂಸದ ಜೊತೆ,” ಅಂದುಬಿಟ್ಟ. “ಬೇರೆ ಕಡೆ ತಂಪಿರ್ಲಿಲ್ಲ.”

ಅವಳು ಹಿಂಗೈಯಿಂದ ಬಾಯಿ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ತುಟಿ ಕಿತ್ತು ರಕ್ತ ಬರುವವರೆಗೂ ಒರೆಸುತ್ತಲೇ ಇದ್ದಳು. ನಾನು ಕೈ ಹಿಡಿಯಲು ಹೋದಾಗ, “ಮುಟ್ಬೇಡ,” ಅಂದಳು.

‘ಹುಟ್ಟಿನಿಂದ ಬಂದ ಹೃದಯದ ದೌರ್ಬಲ್ಯ’ ಅಂತ ಬರೆದ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಒತ್ತದಿದ್ದರೆ ಹೆಣ ಕೊಡುವುದಿಲ್ಲ ಅಂದರು ಲೆಫ್ಟಿನೆಂಟ್. ಪೆಟ್ಟಿಗೆಯನ್ನು ತಾಯಂದಿರ ಲಾರಿಗೇ ಏರಿಸಿದೆವು. ಬರುವಾಗ ಹಾಡಿಕೊಂಡು ಬಂದಿದ್ದ ಹೆಂಗಸರು ಕಾಲು ಮಡಿಸಿ ಅದಕ್ಕೆ ಜಾಗ ಬಿಟ್ಟರು. ಕಾಲು ಕಟ್ಟಿದ ಕೋಳಿ ಅಂಗಳದಲ್ಲೇ ಉಳಿಯಿತು.

ಮುಂದಿನ ವಾರದ ಪತ್ರಿಕೆಯಲ್ಲಿ ದೆಯೋಲಿಂದಾ ಬಾಟಲಿ ಹೊತ್ತು ಬಾಯ್ತುಂಬ ನಗುತ್ತಿದ್ದಳು. ಕೆಳಗೆ ‘ಸೈನಿಕನ ತಾಯಿಯ ಆನಂದ’ ಅಂತ ಬರೆದಿತ್ತು. ನನಗೆ ಪ್ರಶಂಸಾಪತ್ರ ಬಂತು. ಲೆಫ್ಟಿನೆಂಟ್ ಕ್ಯಾಪ್ಟನ್ ಆದರು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ನಾನು ಮರೆತೂ ಬಿಡುತ್ತಿದ್ದೆ. ಮರುವರ್ಷ ಹೊಸ ಗುಮಾಸ್ತನೊಬ್ಬ ಹಳೆಯ ಪಟ್ಟಿ ಇಟ್ಟುಕೊಂಡು ಎಲ್ಲರಿಗೂ ಆಮಂತ್ರಣ ಕಳಿಸಿಬಿಟ್ಟ. ನಾನು ನೋಡದೆ ರುಜು ಹಾಕಿದ್ದೆ. ಲಾರಿಯಿಂದ ಕೊನೆಯಲ್ಲಿ ಅವಳು ಇಳಿದಾಗ ನನಗೆ ಗುರುತೇ ಸಿಗಲಿಲ್ಲ. ಮೈ ಅರ್ಧಕ್ಕಿಳಿದಿತ್ತು. ಕೈಯಲ್ಲಿ ಒಂದು ನೀರಿನ ಹೂಜಿ, ಅಷ್ಟೆ.

“ಕರೆದ್ರಿ, ಬಂದೆ,” ಅಂದಳು. “ಅವನು ಬಿದ್ದ ಜಾಗ ತೋರಿಸಿ.”

ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಮೈದಾನದಲ್ಲಿ ನಾವಿಬ್ಬರೇ. ಜಾಗ ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ, ಬರೀ ಬಿಳಿ ಮಣ್ಣು. ಅವಳು ಬಗ್ಗಿ ಆ ಮಣ್ಣನ್ನು ಅಂಗೈಯಿಂದ ಸವರಿದಳು. ಅದನ್ನು ನೋಡಲಾರದೆ ಯಾರೂ ಕೇಳದ ಮಾತನ್ನು ಹೇಳಿಬಿಟ್ಟೆ: “ಅವನ ಹೆಸರು ಬರೆದು ಕೊಟ್ಟದ್ದು ನಾನೇ ಅಮ್ಮ. ಹಾಡಿನಲ್ಲಿ ತಮಾಷೆ ಮಾಡ್ತಿದ್ದ ಅಂತ. ಅದಕ್ಕೇ ಬಿಸಿಲಲ್ಲಿ ಇಲ್ಲಿ ಸುತ್ತು ನಡೆಸಿದ್ರು.”

ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದರೆ ನನಗೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ:

“ಹೆಂಗೆ ನಡೆಸಿದ್ರು? ಮಾಡಿ ತೋರಿಸು.”

ನಾನು ಕುಕ್ಕರುಗಾಲಲ್ಲಿ ಕೂತೆ. ನಲವತ್ತೇಳು ವರ್ಷದವನು, ಹಬ್ಬದ ಸಮವಸ್ತ್ರದಲ್ಲಿ, ಕೈ ಮುಂದಕ್ಕೆ ಚಾಚಿ ನಾಲ್ಕು ಹೆಜ್ಜೆ ನಡೆದು ಏಳಲು ಹೋದೆ.

“ಅವನು ಎಷ್ಟು ಸುತ್ತು ಹಾಕಿದ?”

“ಹನ್ನೊಂದು.”

“ಹಂಗಾದ್ರೆ ಏಳ್ಬೇಡ.”

ಏಳಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಒಂದು ಸುತ್ತು ಮುಗಿಸಿದೆ. ಎರಡನೆಯದರಲ್ಲಿ ಮಂಡಿಯೊಳಗೆ ಏನೋ ಕಿತ್ತ ಹಾಗಾಯಿತು. ಅವಳು ಪಕ್ಕದಲ್ಲೇ, ನನ್ನ ವೇಗಕ್ಕೆ ಸರಿಯಾಗಿ, ಹೂಜಿ ಹಿಡಿದು ನಡೆದು ಬರುತ್ತಿದ್ದಳು. ಊಟದ ಕೊಟ್ಟಿಗೆಯ ಬಾಗಿಲಲ್ಲಿ ಹುಡುಗರು ಬಂದು ನಿಂತು ನೋಡುತ್ತಿದ್ದರು. ಮೂರನೆಯದು ಮುಗಿಯುವಾಗ ವಾಂತಿಯಾಯಿತು.

“ಒಂದು ಗುಟುಕು ನೀರು ಕೊಡಮ್ಮ,” ಅಂದೆ.

“ಅವನು ಕೇಳಿದ್ನಾ?”

“ಕೇಳಿದ್ದ.”

“ನೀನೆಲ್ಲಿದ್ದೆ?”

“ಅಲ್ಲಿ. ಏಣಿ ಮೇಲೆ.”

ಅವಳು ಹೂಜಿಯ ಬಿರಡೆ ತೆಗೆದಳು. ನನ್ನ ಮುಖದೆದುರು ಕೂತು ಒಂದೊಂದೇ ಗುಟುಕಾಗಿ ತಾನೇ ಕುಡಿದಳು. ಆತುರವಿರಲಿಲ್ಲ. ಮುಗಿದ ಮೇಲೆ ಹೂಜಿ ಬೋರಲು ಹಾಕಿ ತೋರಿಸಿದಳು.

“ನಡಿ. ಇನ್ನೂ ಎಂಟಿದೆ.”

ನಾಲ್ಕನೆಯ ಸುತ್ತಿನ ತಿರುವಿನಲ್ಲಿ ನಾನು ಬಿದ್ದೆ. ಅವಳ ಬಿರುಕು ಬಿಟ್ಟ ಪಾದ ನನ್ನ ಕಣ್ಣ ಹತ್ತಿರವೇ ಇತ್ತು. “ಇಷ್ಟಕ್ಕೇ?” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮೋಸಹೋದವಳ ಬೇಸರವಿತ್ತು. ಆಮೇಲೆ ಪಾದ ಲಾರಿಯ ಕಡೆಗೆ ಹೋಯಿತು. ಅವಳನ್ನು ಮತ್ತೆ ನೋಡಲಿಲ್ಲ.

ಎರಡು ದಿನ ಹಾಸಿಗೆಯಲ್ಲಿದ್ದೆ. ಮೂರನೆಯ ದಿನ ಕೋಲೂರಿಕೊಂಡು ಮೇಜರ್ ಮುಂದೆ ನಿಂತೆ.

“ಏನಯ್ಯಾ ರೊತೇಲಾ, ಮೈದಾನದಲ್ಲಿ ಬಾತುಕೋಳಿ ಆಗಿದ್ಯಂತೆ?”

“ಕ್ರೀಡಾಕೂಟಕ್ಕೆ ಅಭ್ಯಾಸ ಮಾಡ್ತಿದ್ದೆ ಸರ್,” ಅಂದೆ. ಬಾಯಿಗೆ ಬಂದ ಸುಳ್ಳು ಅದೊಂದೇ.

ಮೇಜರ್ ಹೊಟ್ಟೆ ಹಿಡಿದು ನಕ್ಕರು. ಕಣ್ಣೊರೆಸಿಕೊಂಡು, “ಹುಡುಗ್ರು ನೋಡಿ ಬಿದ್ದು ಬಿದ್ದು ನಕ್ರಂತೆ. ಒಳ್ಳೇ ಐಟಂ ಕಣಯ್ಯ. ಮುಂದಿನ ಸಲ ಸೇರಿಸ್ಕೋ. ಬಾತುಕೋಳಿ ಓಟ. ಗೆದ್ದವನಿಗೆ ಮೂರು ದಿನ ರಜೆ,” ಅಂದರು.

ಸೇರಿಸಿಕೊಂಡೆ. ಮುಂದಿನ ಕ್ರೀಡಾಕೂಟದಲ್ಲಿ ನಲವತ್ತು ಹುಡುಗರು ಹೆಸರು ಕೊಟ್ಟರು. ಸುಣ್ಣದಿಂದ ಗೆರೆ ಎಳೆಸಿದೆ, ಅವರನ್ನು ಸಾಲಾಗಿ ಕುಕ್ಕರುಗಾಲಲ್ಲಿ ಕೂರಿಸಿದೆ, ಮತ್ತು ಶಿಳ್ಳೆ ಊದಿದೆ.