ಅತ್ತೆ ಮುಚ್ಚಿದ ಮುಳ್ಳು

ರುದ್ರಮುನಿಗೆ ಹೆಣ್ಣು ಕೊಡುವಾಗ ಮೋಟೆಬೆನ್ನೂರಿನ ಮುತ್ತವ್ವ ಹೊಲ ನೋಡಿದ್ದಳು, ಮನೆ ನೋಡಿದ್ದಳು, ಹುಡುಗನನ್ನು ನಗಿಸಿ ಹಲ್ಲನ್ನೂ ನೋಡಿದ್ದಳು. ಆಕಾಶವೊಂದನ್ನು ನೋಡಿರಲಿಲ್ಲ. ಮದುವೆಯಾದ ಮರುವರ್ಷವೇ ಅಳಿಯ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ವಿಮಾನ ಹಾರಿಸುವ ಕೆಲಸಕ್ಕೆ ಸೇರಿಬಿಟ್ಟ. ವಿಮಾನವೆಂದರೆ ದೊಡ್ಡದೇನಲ್ಲ. ಇಬ್ಬರು ಪಕ್ಕಪಕ್ಕ ಕೂರುವಷ್ಟು ಜಾಗ, ಕೊಳವೆಗಳ ಮೇಲೆ ಬಿಗಿದ ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಒದರುವ ಎಂಜಿನ್, ಮೊಣಕಾಲ ಮುಂದೆ ಎತ್ತರ, ವೇಗ, ಎಂಜಿನ್ ತೋರಿಸುವ ಮೂರು ಗಡಿಯಾರ. ಸಂತೆಯ ದಿನ ಬ್ಯಾಡಗಿ, ಹಾವೇರಿಗಳ ಮೇಲೆ ತಗ್ಗಿನಲ್ಲಿ ನಿಧಾನ ಹಾರಿ ಹತ್ತಿಬೀಜದ ಜಾಹೀರಾತು ಚೀಟಿ ಚೆಲ್ಲಿ ಬರಬೇಕು, ಅಷ್ಟೇ. ಎನ್‌ಸಿಸಿಯಲ್ಲಿ ಕಲಿತ ವಿದ್ಯೆ ಅನ್ನ ಕೊಟ್ಟಿತಲ್ಲ ಎಂದು ಅವನಿಗೆ ಹೆಮ್ಮೆ. ಮುತ್ತವ್ವ ಮಾತ್ರ, ಬಾಣಂತನಕ್ಕೆ ಬಂದಿದ್ದ ಮಗಳು ಪುಷ್ಪಲತಾಳನ್ನು ಕೂಸಿಗೆ ಏಳು ತಿಂಗಳಾದರೂ ಗಂಡನ ಮನೆಗೆ ಕಳಿಸಲಿಲ್ಲ.

"ಗಾಳಿಪಟಕ್ಕ ಮಗಳನ್ನ ಕೊಟ್ಟಂಗ ಆತು. ಆ ಕೆಲಸ ಬಿಟ್ಟ ದಿನ ಬಂದು ಕರಕೊಂಡು ಹೋಗ್ರಿ, ಅಳಿಯಾರ," ಎಂದಳು.

ಅವನು ಬಿಡಲಿಲ್ಲ, ಇವಳು ಕಳಿಸಲಿಲ್ಲ. ಕೊನೆಗೆ ಪುಷ್ಪಲತಾಳೇ ಒಂದು ದಾರಿ ಹುಡುಕಿದಳು. "ನೀನ ಒಮ್ಮೆ ಕುಂತು ನೋಡವ್ವಾ. ಇಳದ ಮ್ಯಾಲೂ ಬ್ಯಾಡ ಅಂದ್ರ, ನಾನೂ ಬ್ಯಾಡ ಅಂತೇನಿ."

ಹೀಗೆ 2006ರ ಫೆಬ್ರವರಿಯ ಒಂದು ಬೆಳಿಗ್ಗೆ ಮುತ್ತವ್ವ ಮೊದಲ ಬಸ್ಸಿಗೆ ಬಂದು, ರಾಣೆಬೆನ್ನೂರಿನ ಹೊರಗೆ ಕಂಪನಿಯವರು ಹದಮಾಡಿದ್ದ ಮಣ್ಣಿನ ಪಟ್ಟಿಯ ಪಕ್ಕ ಇಳಿದಳು. ಕೈಯಲ್ಲೊಂದು ಚೀಲ. ಆ ಹೊತ್ತಿಗೆ ರುದ್ರಮುನಿ ಮತ್ತು ಮೆಕ್ಯಾನಿಕ್ ಸಲಾವುದ್ದೀನ ಇಬ್ಬರೂ ಸೇರಿ ನಟ್ಟು, ತಂತಿ, ಪೆಟ್ರೋಲು ಎಲ್ಲ ತಪಾಸಣೆ ಮುಗಿಸಿದ್ದರು. ಅತ್ತೆಗೆ ಹೆಡ್‌ಫೋನ್ ತರಲು ಅವನು ಶೆಡ್ಡಿಗೆ ಹೋದ.

ಹೊಸ ಗಾಡಿ ಹತ್ತುವವರು ಪೂಜೆ ಮಾಡದೆ ಹತ್ತುತ್ತಾರೆಯೇ? ಮುತ್ತವ್ವ ಗಾಲಿಗೆ ಲಿಂಬೆಹಣ್ಣಿಟ್ಟಳು, ಕಾಯಿ ಒಡೆದಳು, ವಿಮಾನದ ಮೂತಿಗೆ ವಿಭೂತಿ ಬಳಿದಳು. ಶೆಡ್ಡಿನ ಬಾಗಿಲಿಗೆ ಬಂದ ರುದ್ರಮುನಿಗೆ ಕಂಡದ್ದು ಊದಿನಕಡ್ಡಿಯ ಹೊಗೆ.

"ಅತ್ತಿಯಾರ! ಬೆಂಕಿ ಬ್ಯಾಡ್ರಿ! ಪೆಟ್ರೋಲ್ ಐತಿ!" ಎಂದು ಅಲ್ಲಿಂದಲೇ ಒದರಿದ.

ಓಡಿ ಬರುವಷ್ಟರಲ್ಲಿ ಊದಿನಕಡ್ಡಿ ಮಾಯವಾಗಿತ್ತು. ಮೂತಿಯ ಮೇಲೆ ಹಸಿ ವಿಭೂತಿ ಮಾತ್ರ ಉಳಿದಿತ್ತು. ತಪಾಸಣೆಯಾದ ಮೇಲೆ ಯಾರಾದರೂ ವಿಮಾನ ಮುಟ್ಟಿದರೆ ಮತ್ತೆ ಮೊದಲಿನಿಂದ ನೋಡಬೇಕು, ಅದು ನಿಯಮ. ಅವನಿಗೆ ಗೊತ್ತಿತ್ತು. ಆದರೆ ಅತ್ತೆ ಹಚ್ಚಿದ ವಿಭೂತಿಯನ್ನು ಅತ್ತೆಯ ಕಣ್ಣೆದುರೇ ಒರೆಸಿ, ಕೆದಕಿ ನೋಡುವುದು ಹೇಗೆ? ಹೆಂಡತಿಯನ್ನು ಕಳಿಸಿಕೊಡಿ ಎಂದು ಕೇಳಿಕೊಳ್ಳಲು ಹೊರಟವನಿಗೆ ಅಷ್ಟು ಎದೆಗಾರಿಕೆ ಎಲ್ಲಿಂದ ಬರಬೇಕು! ಕೈಮುಗಿದು ಹತ್ತಿ ಕೂತ.

ನೆಲ ಬಿಡುವಾಗ ವೇಗದ ಮುಳ್ಳು ಸ್ವಲ್ಪ ಸೋಮಾರಿಯಾಗಿತ್ತು. ಆಮೇಲೆ ಗಂಟೆಗೆ ಎಂಬತ್ತು ಕಿಲೋಮೀಟರಿಗೆ ಬಂದು ನಿಂತಿತು. ಅದರ ಸೋಮಾರಿತನ ಕಂಡರೂ ಅವನು ಕಾಣದವನಂತೆ ಇದ್ದುಬಿಟ್ಟ. ಎಂಟುನೂರು ಅಡಿ ಎತ್ತರದಲ್ಲಿ, ಹೆದ್ದಾರಿಯನ್ನು ಎಡಕ್ಕಿಟ್ಟುಕೊಂಡು ಮೋಟೆಬೆನ್ನೂರಿನ ಕಡೆ ಹೊರಟರು. ಕೆಳಗೆ ಕಣಗಳಲ್ಲಿ ಒಣಹಾಕಿದ ಮೆಣಸಿನಕಾಯಿ ಕೆಂಪು ಚಾದರಗಳ ಹಾಗೆ ಹರಡಿತ್ತು. ಮುತ್ತವ್ವ ಮೊದಲು ಕಣ್ಣು ಮುಚ್ಚಿದ್ದವಳು ಒಂದು ಕಣ್ಣು ತೆರೆದಳು, ಆಮೇಲೆ ಎರಡೂ ತೆರೆದಳು.

"ನಮ್ಮ ಮನಿ ಅಲ್ಲೇನ್ರಿ? ಮಾಳಿಗಿ ಮ್ಯಾಲೆ ಪುಷ್ಪಾ ನಿಂತಾಳ! ಕೂಸನ್ನ ಎತ್ಕೊಂಡಾಳ!" ಹೆಡ್‌ಫೋನಿನಲ್ಲಿ ಅವಳ ದನಿ ಹಿಗ್ಗಿತ್ತು.

ಗೆದ್ದೆ ಎಂದುಕೊಂಡ ರುದ್ರಮುನಿ. ಇನ್ನಷ್ಟು ಹತ್ತಿರ ತೋರಿಸೋಣವೆಂದು ಎಂಜಿನ್ ತಗ್ಗಿಸಿ ಇಳಿಯತೊಡಗಿದ.

ಮುಳ್ಳು ಎಪ್ಪತ್ತಕ್ಕೆ ಬಂತು. ಅರವತ್ತೈದು. ಐವತ್ತೈದಕ್ಕಿಂತ ಕೆಳಗಿಳಿದರೆ ಆ ಬಟ್ಟೆಯ ರೆಕ್ಕೆಗೆ ಭಾರ ಹೊರಲಾಗುವುದಿಲ್ಲ, ವಿಮಾನ ಕಲ್ಲಿನಂತೆ ಬೀಳುತ್ತದೆ. ವೇಗ ಬೇಕೆಂದರೆ ಮೂತಿ ತಗ್ಗಿಸಬೇಕು. ತಗ್ಗಿಸಿದ. ಮುಳ್ಳು ಏರಬೇಕಾದದ್ದು ಐವತ್ತಕ್ಕೆ ಇಳಿಯಿತು. ಇನ್ನಷ್ಟು ತಗ್ಗಿಸಿದ. ನಲವತ್ತು! ಕಲಿಸಿದ ಗುರು ನೂರು ಸಲ ಹೇಳಿದ್ದ: ಮೈ ಸುಳ್ಳು ಹೇಳುತ್ತದೆ, ಮುಳ್ಳು ಹೇಳುವುದಿಲ್ಲ. ಆ ಮಾತನ್ನೇ ಹಿಡಿದು ಅವನು ಕಡ್ಡಿಯಂತೆ ಬಿಗಿದ ಕೈಯಿಂದ ಮೂತಿಯನ್ನು ಮತ್ತೆ ಮತ್ತೆ ಕೆಳಗೆ ಒತ್ತಿದ. ಎದುರಿಗೆ ಅದೇ ಮಾಳಿಗೆ ದೊಡ್ಡದಾಗುತ್ತ ಬಂತು. ಪುಷ್ಪಲತಾಳ ಹಸಿರು ಸೀರೆ, ಅವಳ ಹೆಗಲ ಮೇಲೆ ಕೂಸಿನ ಸಣ್ಣ ಟೋಪಿ ಸ್ಪಷ್ಟವಾಗಿ ಕಂಡವು. ಅವಳು ಬೀಸುತ್ತಿದ್ದ ಕೈ ನಿಂತುಹೋಗಿತ್ತು.

"ಅಳಿಯಾರ, ಯಾಕಿಷ್ಟ ಜೋರ ಹೊಡಸಾಕತ್ತೀರಿ? ಉಸರಾಡಾಕ ಆಗವಲ್ದು!" ಮುತ್ತವ್ವ ಚೀರಿದಳು.

ಜೋರ?

ಆಗ ಕೇಳಿಸಿತು ಅವನಿಗೆ. ರೆಕ್ಕೆಯ ತಂತಿಗಳು ಕಿರುಚುತ್ತಿದ್ದವು. ಅತ್ತೆಯ ಸೆರಗು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂದಿತ್ತು, ಭಯಕ್ಕಲ್ಲ, ಗಾಳಿಗೆ. ನಲವತ್ತರಲ್ಲಿ ಇಂಥ ಗಾಳಿ ಇರುವುದಿಲ್ಲ! ಮುಳ್ಳಿನಿಂದ ಕಣ್ಣು ಕಿತ್ತು, ಮೂತಿ ಎತ್ತಲು ಕೈಯಲ್ಲಿದ್ದ ಕೋಲನ್ನು ತನ್ನತ್ತ ಎಳೆದುಕೊಂಡ. ಮಾಳಿಗೆ ಗಾಲಿಗಳ ಕೆಳಗೆ ಸರಿದು ಹೋಯಿತು. ಎಷ್ಟು ಅಂತರವಿತ್ತೆಂದು ಅವನು ಆಮೇಲೂ ಯಾರಿಗೂ ಹೇಳಲಿಲ್ಲ.

ಮತ್ತೆ ಮೇಲೇರಿ ಉಸಿರು ಬಿಟ್ಟ ಮೇಲೆ ಕೇಳಿದ. "ಅತ್ತಿಯಾರ, ಊದಿನಕಡ್ಡಿ ಎಲ್ಲಿ ಚುಚ್ಚಿದ್ರಿ?"

"ಎಲ್ಲಾ ಬಟ್ಟಿ, ಚುಚ್ಚಾಕ ಜಾಗಾನ ಇರಲಿಲ್ಲ. ಮೂತಿಗೆ ಒಂದು ಸಣ್ಣ ಕೊಳವಿ ಇತ್ತಲ್ಲ, ಅದರಾಗ. ನಿಲ್ಲವಲ್ದು ಅಂತ ವಿಭೂತಿ ಮೆತ್ತಿದೆ. ನೀವು ಒದರಿದ್ರಿ, ಗಾಬರಿಯಾಗಿ ಪಟಕ್ಕನ ಮುರದೆ." ಅವನ ಕಡೆ ತಿರುಗಿ ಕೇಳಿದಳು, "ತುದಿ ಒಳಗ ಉಳೀತು. ಯಾಕ್ರಿ, ತಪ್ಪಾತೇನ?"

ವೇಗ ಅಳೆಯುವ ಗಾಳಿ ಒಳಬರುವ ಕೊಳವೆಯೇ ಅದು. ಅರ್ಧದಾರಿಯಲ್ಲಿ ಹಸಿ ವಿಭೂತಿ ಒಳಗೆ ಸೇರಿ ಬಿರಡೆ ಹಾಕಿತ್ತು. ಮೇಲಿನ ತೆಳು ಗಾಳಿಯನ್ನೇ ಹೊಟ್ಟೆಯಲ್ಲಿ ಹಿಡಿದುಕೊಂಡ ಮುಳ್ಳು, ಕೆಳಗಿಳಿದಷ್ಟೂ ವೇಗ ಕಡಿಮೆಯೆಂದು ಸುಳ್ಳು ಹೇಳುತ್ತಿತ್ತು. ಇಳಿಯಲೇಬೇಕಲ್ಲ! ಪೆಟ್ರೋಲು ಮುಗಿಯುವ ತನಕ ಆಕಾಶದಲ್ಲೇ ಸಂಸಾರ ಮಾಡಲಾಗುತ್ತದೆಯೇ?

ರಾಣೆಬೆನ್ನೂರಿನ ಪಟ್ಟಿ ಕಂಡಿತು. ಎತ್ತರದ ಗಡಿಯಾರ ಸರಿ ಇತ್ತು, ಎಂಜಿನ್ ಗಡಿಯಾರ ಸರಿ ಇತ್ತು. ಉಳಿದದ್ದಕ್ಕೆ ತಂತಿಗಳ ದನಿಯನ್ನು ನಂಬಬೇಕು. ಗೊತ್ತಿದ್ದರೂ ಇಳಿಯತೊಡಗಿದ ಕೂಡಲೇ ಕಣ್ಣು ರೂಢಿಯಂತೆ ಅಲ್ಲಿಗೇ ಹೋಯಿತು. ಮುಳ್ಳು ಸೊನ್ನೆಯತ್ತ ಬೀಳುವುದನ್ನು ಕಂಡು, ಬೇಡವೆಂದರೂ ಕೈ ಮೂತಿಯನ್ನು ನೆಲಕ್ಕೆ ಒತ್ತಿತು. ಗಾಬರಿಯಿಂದ ಎಂಜಿನ್ ಏರಿಸಿ ಮತ್ತೆ ಮೇಲೆದ್ದ. ಎರಡನೆಯ ಸಲವೂ ಅದೇ ಆಯಿತು.

"ಅತ್ತಿಯಾರ, ಆ ನಡುವಿನ ಗಡಿಯಾರ ಮುಚ್ಚರಿ. ನನಗ ಕಾಣಬಾರದು. ಏನ ಆದ್ರೂ ಕೈ ತಗೀಬ್ಯಾಡ್ರಿ."

ಮುತ್ತವ್ವ ಎಡಗೈಯಿಂದ ಆಸನ ಹಿಡಿದು, ಬಲ ಅಂಗೈಯನ್ನು ಗಡಿಯಾರದ ಮೇಲೆ ಒತ್ತಿದಳು. ನೆಲ ಹತ್ತಿರ ಬಂತು. ಅವಳ ತುಟಿ ಏನನ್ನೋ ಜಪಿಸುತ್ತಿತ್ತು. ಅವನು ತಂತಿಗಳಿಗೆ ಕಿವಿಗೊಟ್ಟು, ದನಿ ಸಣ್ಣದಾದರೆ ಮೂತಿ ತಗ್ಗಿಸಿ, ಕಿರುಚಿದರೆ ಎತ್ತಿ, ಕುರುಡ ಗೋಡೆ ಸವರಿಕೊಂಡು ಇಳಿಯುವಂತೆ ಇಳಿದ. ಗಾಲಿ ಒಮ್ಮೆ ಬಡಿದು ಪುಟಿಯಿತು, ಮತ್ತೊಮ್ಮೆ ಬಡಿಯಿತು. ಕೆಂಪು ಧೂಳಿನಲ್ಲಿ ಓಡಿ ಓಡಿ ವಿಮಾನ ನಿಂತಿತು. ಎಂಜಿನ್ ಆರಿತು.

ಸಲಾವುದ್ದೀನ ಓಡಿ ಬಂದು, ಕೊಳವೆಯೊಳಗೆ ಪಿನ್ನು ಹಾಕಿ ಕಡ್ಡಿಯ ತುಂಡು ಹೊರತೆಗೆದ. "ಯಾ ಅಲ್ಲಾ! ಇದನ್ನ ಇಟ್ಕೊಂಡ ಹೋಗಿದ್ರೇನು?" ಎಂದು ಹಣೆ ಹಣೆ ಬಡಿದುಕೊಂಡ.

ಮುತ್ತವ್ವನ ಮುಖ ಬಿಳಚಿತು. "ನನ್ನ ಕೈಯಾರೆ…" ಎಂದಳು.

"ಇಲ್ರಿ. ಮತ್ತೊಮ್ಮೆ ನೋಡಬೇಕಾಗಿತ್ತು. ನಿಮಗ ಅಂಜಿ ನೋಡಲಿಲ್ಲ. ತಪ್ಪು ನಂದು," ಎಂದ ರುದ್ರಮುನಿ. ಇನ್ನು ಪುಷ್ಪಲತಾ ಬರುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು.

ಅವನ ಕಿಸೆಯಲ್ಲಿ ಮೊಬೈಲ್ ಕೂಗಿತು. ತೆಗೆಯಲು ಹೋದ, ಕೈ ನಡುಗಿ ಫೋನು ಧೂಳಿಗೆ ಬಿತ್ತು. ಮುತ್ತವ್ವ ಬಗ್ಗಿ ಎತ್ತಿ ಕಿವಿಗಿಟ್ಟುಕೊಂಡಳು. ಅತ್ತ ಕಡೆ ಪುಷ್ಪಲತಾ ಅಳುತ್ತಿದ್ದಳು.

"ಅಳಬ್ಯಾಡ. ಇಳದೇವಿ," ಎಂದಳು ಮುತ್ತವ್ವ. "ಯಾಕ ಅಷ್ಟು ಕೆಳಗ ಬಂದ್ರಿ ಅಂದ್ರ? ನಾನಽ ಹೇಳಿದ್ದೆ. ಕೂಸಿನ ಮಾರಿ ಕಾಣವಲ್ದು, ಇನ್ನಷ್ಟು ಇಳಸ್ರಿ ಅಂದೆ. ನನ್ನಽ ಬೈ."

ರುದ್ರಮುನಿ ತಲೆಯೆತ್ತಿ ನೋಡಿದ.

"ಬಟ್ಟಿಬರಿ ಕಟ್ಟು. ನಾಳೆ ನಾನಽ ಬಿಟ್ಟು ಬರ್ತೇನಿ. ಈ ಮನಶ್ಯಾನ ಹತ್ರ ಯಾರಾದ್ರೂ ಇರಬೇಕು, ಒಬ್ಬನ್ನ ಬಿಡಬಾರದು," ಎಂದು ಫೋನನ್ನು ಅವನ ಕಡೆ ಚಾಚಿದಳು. ಅವನ ಕೈ ಇನ್ನೂ ನಡುಗುತ್ತಿತ್ತು. ಅದನ್ನು ನೋಡಿ ತಾನೇ ಫೋನನ್ನು ಅವನ ಕಿವಿಗೆ ಹಿಡಿದು ನಿಂತಳು. ಅವಳ ಬಲ ಅಂಗೈಯಲ್ಲಿ ಗಡಿಯಾರದ ಅಂಚು ಕೆಂಪಗೆ ದುಂಡಗೆ ಒತ್ತಿಕೊಂಡಿತ್ತು.