ಸರ್ಟಿಫಿಕೇಟಿನ ಕೊನೆಯ ಸಾಲು

ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಆಕ್ಷೇಪಣೆ ಸಾಹೇಬರು’ ಎಂದೇ. ಸರ್ಕಾರಿ ನೌಕರರ ಜೀವವಿಮೆ ಶಾಖೆಯಲ್ಲಿ ಇಪ್ಪತ್ತೆಂಟು ವರ್ಷ ಕೂತು, ಮೊಸರಲ್ಲಿ ಕಲ್ಲು ಹುಡುಕುವುದಕ್ಕೇ ಸಂಬಳ ಕೊಡುತ್ತಾರೇನೋ ಎಂಬಂತೆ ಕಡತ ಕಡತದಲ್ಲೂ ತಪ್ಪು ಹಿಡಿದ ಆಸಾಮಿ. ಈವತ್ತು ಅದೇ ಮೇಜಿನ ಆಚೆ ಬದಿಯಲ್ಲಿ, ಅರ್ಜಿದಾರರ ಕುರ್ಚಿಯಲ್ಲಿ, ಅವರೇ ಕೂತಿದ್ದರು.

ಲಿವರ್ ಕ್ಯಾನ್ಸರ್. ರೋಗಿ ಒಂದು ವರ್ಷ ದಾಟುವುದಿಲ್ಲ ಎಂದು ಡಾಕ್ಟರು ಖಚಿತವಾಗಿ ಬರೆದುಕೊಟ್ಟರೆ, ಸತ್ತ ಮೇಲೆ ಬರಬೇಕಾದ ವಿಮೆಯ ಹಣ ಬದುಕಿರುವಾಗಲೇ ಕೈಗೆ ಬರುತ್ತದೆ. ಆ ಹಣದಲ್ಲಿ ಮನೆಗೊಬ್ಬ ನರ್ಸನ್ನು ಗೊತ್ತುಮಾಡಿಕೊಳ್ಳಬೇಕೆಂದು ಸಾಹೇಬರ ಯೋಚನೆ. ಹೆಂಡತಿ ಹೋಗಿ ಆರು ವರ್ಷ, ಮಕ್ಕಳಿಲ್ಲ. ಸಾಯುವುದಕ್ಕೆ ಅವರು ಅಷ್ಟೇನೂ ಹೆದರಿರಲಿಲ್ಲ. ಬಾಯಿಗೆ ನೀರು ಬಿಡುವವರೂ ಇಲ್ಲದೆ ಸಾಯಬೇಕಲ್ಲ, ಅದಕ್ಕೆ ಹೆದರಿದ್ದರು.

ಹನ್ನೆರಡು ವರ್ಷ ಅವರ ಕೈಕೆಳಗೆ ಪಳಗಿದ್ದ ಗುಮಾಸ್ತೆ ಸರ್ಟಿಫಿಕೇಟನ್ನು ಎರಡು ಸಲ ಓದಿ ತಲೆ ತಗ್ಗಿಸಿದಳು.

“ಸಾರ್, ಕೊನೇ ಸಾಲು...”

‘ಹೊಸ ಔಷಧಿಯಿಂದ ರೋಗಿ ಚೇತರಿಸಿಕೊಳ್ಳಲೂಬಹುದು’ ಎಂದಿತ್ತು.

“ಇರ್ಲಿ ಬಿಡಿ ಸಾರ್. ನಾನು ನೋಡೇ ಇಲ್ಲ ಅನ್ಕೊಳ್ಳಿ, ಮೇಲಕ್ಕೆ ಕಳಿಸ್ಬಿಡ್ತೀನಿ.”

“ಡ್ರೈವರ್ ಫೈಲು ನೆನಪಿದೆಯೇನಮ್ಮಾ?”

ನೆನಪಿಲ್ಲದೆ ಏನು! ಇಲಾಖೆಯ ಜೀಪು ಓಡಿಸುತ್ತಿದ್ದವನು. ಇಂಥದೇ ಒಂದು ಸಾಲು ಹಿಡಿದು ಸಾಹೇಬರು ಅವನ ಅರ್ಜಿಯನ್ನು ಮೂರು ಸಲ ವಾಪಸ್ ಕಳಿಸಿದ್ದರು. ನಾಲ್ಕನೇ ಸಲ ಬಂದದ್ದು ಅವನ ಹೆಂಡತಿ, ಮರಣ ಪ್ರಮಾಣಪತ್ರ ಹಿಡಿದುಕೊಂಡು. ಪುಣ್ಯಾತ್ಮರು ಅದರ ಮೊಹರನ್ನೂ ಬೆಳಕಿಗೆ ಹಿಡಿದು ನೋಡಿದ್ದರು. ಈಗ ಅದನ್ನು ನೆನೆದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

“ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ. ಅವನಿಗಿಲ್ಲದ ರಿಯಾಯ್ತಿ ನನಗ್ಯಾಕೆ? ಕೊಡಮ್ಮ ಇಲ್ಲಿ,” ಎಂದು ಕಾಗದ ಎತ್ತಿಕೊಂಡು ಹೊರಟರು.

ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಮೂರು ಗಂಟೆ ಕಾದರು. ಬೆಂಚಿನಲ್ಲಿದ್ದ ಒಬ್ಬೊಬ್ಬ ರೋಗಿಗೂ ಚೀಲ ಹಿಡಿಯಲು ಒಬ್ಬರಿದ್ದರು. ಸಾಹೇಬರ ಚೀಲ ಅವರ ತೊಡೆಯ ಮೇಲೇ ಇತ್ತು.

“ಈ ಸಾಲು ಬಿಟ್ಟು ಬೇರೆ ಬರ್ಕೊಡಿ ಡಾಕ್ಟ್ರಮ್ಮ. ಇದಿದ್ರೆ ಪಾಸಾಗಲ್ಲ.”

ಡಾಕ್ಟರಮ್ಮ ಕನ್ನಡಕ ತೆಗೆದರು. “ಅದನ್ನ ಆಫೀಸಿಗೆ ಅಂತ ಬರೆದಿರ್ಲಿಲ್ಲ. ನೀವು ಓದ್ಲಿ ಅಂತ ಬರೆದೆ.”

“ನಿಜವಾಗ್ಲೂ ಯಾರಿಗಾದ್ರೂ ಗುಣ ಆಗಿದ್ಯಾ?”

“ನೂರಕ್ಕೆ ಒಬ್ರಿಗೋ ಇಬ್ರಿಗೋ.”

ಆ ಸಾಲನ್ನು ಬಸ್ಸಿನಲ್ಲಿ ಬರುವಾಗ ಸಾಹೇಬರು ಹತ್ತು ಸಲವಾದರೂ ಓದಿದ್ದರು.

“ಅವಸರ ಮಾಡ್ಬೇಡಿ. ಮನೇಲಿ ಯಾರನ್ನಾದ್ರೂ ಒಂದ್ಮಾತು ಕೇಳಿ.”

“ಕೇಳೋಕೆ ಯಾರಾದ್ರೂ ಇದ್ದಿದ್ರೆ ನನಗೀ ದುಡ್ಡೇ ಬೇಕಿರ್ಲಿಲ್ವಲ್ಲಮ್ಮಾ. ಬರೀರಿ.”

ಆಕೆ ಬರೆದರು. ಈ ಸಲ ಕೊನೆಯ ಸಾಲು ‘ಚೇತರಿಕೆ ನಿರೀಕ್ಷಿಸುವಂತಿಲ್ಲ’ ಎಂದಾಯಿತು.

ಹೊರಗೆ ಬಂದು, ಕಾರಿಡಾರಿನ ಕಿಟಕಿಯ ಬಳಿ ನಿಂತು ಸಾಹೇಬರು ಅದನ್ನು ಓದಿದರು. ಹೆಸರು, ವಯಸ್ಸು, ತಾರೀಖು, ರುಜು, ಮೊಹರು. ಒಂದೇ ಒಂದು ತಪ್ಪು ಸಿಕ್ಕಿದ್ದರೂ ಸಾಕಿತ್ತು, ಒಳಗೆ ಹೋಗಿ ‘ಇದು ನಡೆಯೋದಿಲ್ಲ’ ಎನ್ನಬಹುದಿತ್ತು. ಮೊದಲಿಂದ ಇನ್ನೊಮ್ಮೆ ಓದಿದರು. ಎಲ್ಲವೂ ಸರಿಯಾಗಿತ್ತು.